ಅಂಜನದಲ್ಲಿ ಕಂಡ ಬಿಳಿ ಬಟ್ಟೆ

ಆ ಮಧ್ಯಾಹ್ನ ನಾನು ನಿಜವಾಗಿ ಏನು ಹೇಳಿದೆನೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅಕ್ಕ ಹೇಳುತ್ತಿದ್ದುದು ಒಂದು, ನನ್ನ ನೆನಪಿನಲ್ಲಿ ಉಳಿದದ್ದು ಇನ್ನೊಂದು. ಎರಡನ್ನೂ ಎಷ್ಟು ಸಲ ಮಗುಚಿ ನೋಡಿದ್ದೇನೆಂದರೆ, ಯಾವುದು ನೆನಪು, ಯಾವುದು ಆಮೇಲೆ ನಾನೇ ಕೂಡಿಸಿದ್ದು ಎಂದು ಈಗ ಹೇಳಲಾರೆ. ವರ್ಷವೂ ಖಚಿತವಿಲ್ಲ. ಐವತ್ತರ ದಶಕದ ನಡುವೆ ಎಲ್ಲೋ. ನಾನು ಬಿ.ಎಸ್ಸಿ. ಮುಗಿಸಿ ವಿಕ್ರೋಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ದೇವರಿಲ್ಲ ಎಂದು ಊಟಕ್ಕೆ ಕುಳಿತಾಗ ವಾದ ಮಾಡುವುದು, ಊಟಕ್ಕೆ ಮುಂಚಿನ ಅಮ್ಮನ ಪ್ರಾರ್ಥನೆ ಮುಗಿಯುವ ತನಕ ತಟ್ಟೆ ಮುಟ್ಟದೆ ಕೂರುವುದು, ಎರಡೂ ನನಗೆ ಅಭ್ಯಾಸವಾಗಿದ್ದವು.

ನಾವು ಕರಾವಳಿಯಿಂದ ಬಂದ ಕ್ರೈಸ್ತರು. ಅಪ್ಪ ತೀರಿಕೊಂಡಿದ್ದರು. ಸಯನ್‌ನ ಚಾಳಿನ ಎರಡು ಖೋಲಿಗಳಲ್ಲಿ ಅಮ್ಮ, ಅಕ್ಕ, ನಾನು. ಭಾವ ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಏಡನ್ ಬಂದರಿನಲ್ಲಿ ಇಳಿದವರು ಮತ್ತೆ ಹಡಗು ಹತ್ತಲಿಲ್ಲ. ಕಂಪನಿಯವರು ಹೇಳಿದ್ದು ಅಷ್ಟೇ. ಸತ್ತರೆಂದು ಅಳುವಂತಿಲ್ಲ, ಬರುತ್ತಾರೆಂದು ನಗುವಂತಿಲ್ಲ. ಅಕ್ಕ ಗ್ಯಾಲರಿಯ ಕಟಕಟೆ ಹಿಡಿದು ಕೆಳಗಿನ ರಸ್ತೆ ನೋಡುತ್ತಿದ್ದಳು.

ಅಮ್ಮ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಮೊದಲು ಎದ್ದು, ತಲೆಗೆ ಸೆರಗು ಹೊದ್ದು, ಒಲೆಯ ಮುಂದೆ ಮಣೆಯ ಮೇಲೆ ಕೂತು ಪ್ರಾರ್ಥಿಸುತ್ತಿದ್ದಳು. ಅಕ್ಕನೂ ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ದಿನ ನಾನು ಕೆಣಕಿದೆ.

“ದೇವರು ಎಂತ ಹೇಳಿದ್ರು? ಭಾವ ಎಲ್ಲಿದ್ದಾರಂತೆ?”

“ಅದನ್ನು ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ.”

“ಮತ್ತೆ ಇಷ್ಟು ಹೊತ್ತು ಕೇಳಿದ್ದು ಎಂತ?”

“ಇವತ್ತು ನಾವು ಎಂತ ಮಾಡ್ಬೇಕು ಅಂತ. ಮೊದಲು ನೀನು ಬಾಲ್ದಿ ಇಡು, ನೀರು ಬಂತು.”

ಆ ಮಳೆಗಾಲದ ಒಂದು ಭಾನುವಾರ ಕನ್ನಡ ಆರಾಧನೆ ಮುಗಿದ ಮೇಲೆ ಸಭಾಪಾಲಕರು ಅಮ್ಮನಿಗೆ ಒಂದು ವಿಷಯ ತಿಳಿಸಿದರು. ಊರಿನ ಮಿಷನ್ ಶಾಲೆಯಲ್ಲಿ ಟೀಚರ್ ತರಬೇತಿಗೆ ಒಂದು ಜಾಗ ಇದೆ, ಅಕ್ಕನನ್ನು ತೆಗೆದುಕೊಳ್ಳುತ್ತಾರೆ, ಆದರೆ ಬೇಗ ಹೇಳಬೇಕು. ಅಮ್ಮ ಒಂದು ವಾರ ಇನ್ನೂ ಬೇಗ ಎದ್ದು ಪ್ರಾರ್ಥನೆಗೆ ಕೂತಳು. ಆಮೇಲೆ ಅಕ್ಕನನ್ನು ಕೂರಿಸಿಕೊಂಡು, “ಹೋಗು ಮಗಾ. ಕಾಯುದಾದರೂ ಕೈಯಲ್ಲಿ ಒಂದು ಕೆಲಸ ಇಟ್ಟುಕೊಂಡು ಕಾಯಿ” ಅಂದಳು.

“ಅವರು ಬಂದಾಗ ನಾನು ಇಲ್ಲಿ ಇಲ್ಲದಿದ್ರೆ?”

“ನಾನಿದ್ದೇನಲ್ಲ. ಊಟ ಹಾಕಿ ಊರಿಗೆ ಕಳಿಸ್ತೇನೆ.”

ಅಕ್ಕನಿಗೆ ಅಷ್ಟು ಸಾಲದು. ಭಾವ ಬದುಕಿದ್ದಾರೋ ಇಲ್ಲವೋ, ಅದು ಮೊದಲು ತಿಳಿಯಬೇಕಿತ್ತು.

ಪಕ್ಕದ ಖೋಲಿಯಲ್ಲಿ ಉಡುಪಿಯ ಹೆಂಗಸೊಬ್ಬರಿದ್ದರು. ಸ್ಟೇಷನ್ ಹತ್ತಿರದ ಹೋಟೆಲಿನ ಅಡುಗೆಯವರ ಹೆಂಡತಿ. ಸೊಂಟ ಉಳುಕಿದಾಗಲೆಲ್ಲ ಅವರು ನಮ್ಮ ಹೊಸ್ತಿಲಿಗೆ ಬೆನ್ನು ಕೊಟ್ಟು ನಿಂತು, “ಒದಿ ಮಾರಾಯ, ನಾಚಿಕೆ ಎಂತದು? ನಿನ್ನ ಡಿಗ್ರಿ ಏನೂ ಸವೆಯುದಿಲ್ಲ” ಅನ್ನುವರು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಜಾತಿ ಮತ ನೋಡುವುದಿಲ್ಲ. ನಾನು ಹಾಗೆ ಹುಟ್ಟಿದವನೆಂದು ಅಪ್ಪನ ತಾಯಿ ಊರೆಲ್ಲ ಹೇಳಿಕೊಂಡಿದ್ದಳು. ನಾನು ಮೆಲ್ಲಗೆ ಒದೆಯುವೆ. ಅಮ್ಮ ಎದ್ದು ಒಳಗೆ ಹೋಗುವಳು.

ಅಂಜನದ ಸುದ್ದಿ ತಂದದ್ದೂ ಅವರೇ. ಗೋರೆಗಾಂವ್‌ನಲ್ಲಿ ಒಬ್ಬರಿದ್ದಾರೆ, ವೀಳ್ಯದೆಲೆಗೆ ಕಪ್ಪು ಹಚ್ಚಿ ಕಾಣೆಯಾದವರನ್ನು ತೋರಿಸುತ್ತಾರೆ. “ಆದ್ರೆ ಎಲ್ಲರ ಕಣ್ಣಿಗೂ ಕಾಣ್ಸುದಿಲ್ಲವಂತೆ, ಕಾಲು ಮುಂದಾಗಿ ಹುಟ್ಟಿದವರೇ ಆಗ್ಬೇಕಂತೆ. ನಿಮಗೆಂತ ಚಿಂತೆ, ಮನೆಯಲ್ಲೇ ಉಂಟಲ್ಲ ಜನ!”

ಅವರು ಹೋದ ಮೇಲೆ ಅಮ್ಮ ಅಂದಳು, “ಇವನು ಎಲ್ಲರ ಹಾಗೆ ತಲೆ ಮುಂದಾಗಿಯೇ ಹುಟ್ಟಿದ್ದು.”

“ಮತ್ತೆ ಅಜ್ಜಿ ಹೇಳ್ತಿದ್ದದ್ದು?” ಅಕ್ಕ ಕೇಳಿದಳು.

“ಅತ್ತೆಗೆ ಎದುರು ಹೇಳುವ ಧೈರ್ಯ ನನಗೆ ಇರ್ಲಿಲ್ಲ.”

“ಇಷ್ಟು ವರ್ಷ ಇಲ್ಲದ ಧೈರ್ಯ ಇವತ್ತೇ ಬಂತಾ? ನಾನು ಹೋಗ್ಬಾರದು ಅಂತ ಹೇಳುದಲ್ವಾ?”

“ಹೋಗ್ಬಾರದು ಅಂತ ಬೇರೆಯೇ ಹೇಳ್ತೇನೆ. ಇವನು ಹೇಗೆ ಹುಟ್ಟಿದ್ರೂ ಹೋಗ್ಬಾರದು. ದೇವರು ಸುಮ್ಮನಿದ್ದಾನೆ ಅಂತ ಮಾಟಗಾತಿಯ ಬಾಗಿಲು ತಟ್ಟಿದ ಬೈಬಲಿನ ಅರಸನ ಕಥೆ ನಿನಗೆ ಗೊತ್ತಿಲ್ವಾ? ಉತ್ತರ ಬೇಕೇ ಬೇಕು ಅಂತ ಹೊರಟರೆ, ಯಾರ ಬಾಯಿಂದ ಬಂದ್ರೂ ಸಾಕು ಅನಿಸ್ತದೆ.”

ನನಗೆ ಅಮ್ಮನ ಒಲೆ ಮುಂದಿನ ದೇವರೂ ಗೋರೆಗಾಂವ್‌ನ ವೀಳ್ಯದೆಲೆಯೂ ಒಂದೇ ಸಾಲಿನವು. ಒಂದನ್ನಾದರೂ ಹತ್ತಿರದಿಂದ ಪರೀಕ್ಷಿಸೋಣ ಎಂದು ಹೊರಟೆ. ಅದೊಂದು ಶನಿವಾರ, ನನಗೆ ಅರ್ಧ ದಿನ ರಜೆ. ನಾವು ಚಪ್ಪಲಿ ಮೆಟ್ಟುವಾಗ ಅಮ್ಮ ತಡೆಯಲಿಲ್ಲ. “ಮಳೆ ಬಂದೀತು, ಕೊಡೆ ತಗೊಳ್ಳಿ” ಅಂದಳು. ಈ ಮಾತು ಮಾತ್ರ ನನ್ನ ಕಿವಿಯಲ್ಲಿ ಅಳಿಸದೆ ಉಳಿದಿದೆ, ಅಥವಾ ಉಳಿದಿದೆ ಎಂದು ನಂಬಿದ್ದೇನೆ.

ದಾದರ್‌ನಲ್ಲಿ ಲೋಕಲ್ ಬದಲಿಸಿ ಹೋದೆವು. ಗೋರೆಗಾಂವ್ ಸ್ಟೇಷನ್ನಿನ ಆಚೆ ಎಮ್ಮೆ ಕೊಟ್ಟಿಗೆಗಳನ್ನು ದಾಟಿದರೆ ಒಂದು ಚಾಳು. ಅಂಜನದವರು ಕಾರವಾರದ ಕಡೆಯ ವಯಸ್ಸಾದವರು, ಶಾಂತ ಮುಖ.

“ಪಾಯಾಳು ಯಾರು, ನೀವಾ?” ಕಾಲು ಮುಂದಾಗಿ ಹುಟ್ಟಿದವರನ್ನು ಮರಾಠಿಯಲ್ಲಿ ಹಾಗೆ ಕರೆಯುತ್ತಾರೆ. “ಬಾಗಿಲಿಗೆ ಬೆನ್ನು ಮಾಡಿ ಕೂತ್ಕೊಳ್ಳಿ. ಎಲೆ ಬಿಟ್ಟು ಬೇರೆ ಕಡೆ ನೋಡಬ್ಯಾಡ್ರಿ.”

ಎಣ್ಣೆ ಬೆರೆಸಿದ ಕಪ್ಪು ಹೊಳೆಯುತ್ತಿತ್ತು. ಮೊದಲು ನನ್ನದೇ ಮೂಗು ಕಂಡಿತು. ಆಮೇಲೆ ಕಣ್ಣು ನೀರಾಡಿ ಕಪ್ಪಿನೊಳಗೆ ಬೆಳ್ಳಗೆ ಏನೋ ಅಲುಗಿತು.

“ಬಿಳಿ ಬಟ್ಟೆ ಕಾಣ್ತದೆ” ಅಂದೆ. ಇಷ್ಟು ಹೇಳಿದ್ದು ನಿಜವೆಂದು ನಾವಿಬ್ಬರೂ ಒಪ್ಪುತ್ತಿದ್ದೆವು.

“ಅವರದ್ದೇ ಯುನಿಫಾರ್ಮ್!” ಅಕ್ಕ ನನ್ನ ತೋಳು ಹಿಡಿದಳು. “ಮುಖ ನೋಡು. ಮುಖ ಹೇಗುಂಟು?”

ಇಲ್ಲಿಂದ ಮುಂದೆ ನಮ್ಮ ದಾರಿ ಬೇರೆಯಾಗುತ್ತದೆ. ಅಕ್ಕನ ಪ್ರಕಾರ, ಭಾವ ನಗುತ್ತಿದ್ದಾರೆ ಎಂದು ನಾನು ಹೇಳಿದೆ. ನನ್ನ ನೆನಪಿನಲ್ಲಿ ನಾನು ಸುಮ್ಮನಿದ್ದೆ, ಮಾತಾಡಿದವರು ಅಂಜನದವರು: “ಜೀವ ಇದೆ. ಕ್ರಿಸ್‌ಮಸ್ ಒಳಗೆ ಮನೆಗೆ ಬರ್ತಾರ.” ಏಳುವಾಗ ತಿರುಗಿ ನೋಡಿದರೆ ಬಾಗಿಲಾಚೆಯ ಗ್ಯಾಲರಿಯಲ್ಲಿ ಯಾರದೋ ಧೋತರಗಳು ಒಣಗುತ್ತಿದ್ದವು. ಅದನ್ನು ಆಗಲೇ ಅಕ್ಕನಿಗೆ ತೋರಿಸಿದೆನೋ, ವರ್ಷಗಳಾದ ಮೇಲೆ ಹೇಳಿದೆನೋ, ತಿಳಿಯದು. ರೈಲಿನಲ್ಲಿ ಅವಳ ಮುಖ ಅರಳಿತ್ತು. ಅದನ್ನು ಬಾಡಿಸುವ ಮನಸ್ಸು ಯಾರಿಗೆ ಬಂದೀತು?

ಅಕ್ಕ ತರಬೇತಿಗೆ ಹೋಗಲಿಲ್ಲ. ಆ ಜಾಗ ಬೇರೊಬ್ಬರಿಗೆ ಹೋಯಿತು. ಕ್ರಿಸ್‌ಮಸ್‌ಗೆ ಭಾವನಿಗೆ ಇಷ್ಟವೆಂದು ಚಕ್ಕುಲಿ ಕರಿದಳು. ಮರುವರ್ಷವೂ ಕರಿದಳು. ಅಂಜನದವರು ಯಾವ ಕ್ರಿಸ್‌ಮಸ್ ಎಂದು ಹೇಳಿಲ್ಲವಲ್ಲ, ಅನ್ನುತ್ತಿದ್ದಳು. ಅಂಜನದಲ್ಲಿ ಏನು ಕಂಡಿತೆಂದು ಅಮ್ಮ ಒಂದು ಸಲವೂ ಕೇಳಲಿಲ್ಲ. ಬೆಳಗಿನ ಪ್ರಾರ್ಥನೆಗೆ ಮಾತ್ರ ಒಬ್ಬಳೇ ಕೂರತೊಡಗಿದಳು. ಉತ್ತರ ಸಿಕ್ಕಿದೆ ಎಂದುಕೊಂಡಿದ್ದ ಅಕ್ಕನಿಗೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ಹುಟ್ಟಿನ ವಿಷಯದಲ್ಲಿ ತನ್ನ ಬಳಿ ಸುಳ್ಳು ಹೇಳಿದ ತಾಯಿಯ ಪಕ್ಕದಲ್ಲಿ ಕೂತು ಪ್ರಾರ್ಥಿಸುವುದು ಹೇಗೆ ಎಂದೂ ಒಮ್ಮೆ ನನ್ನಲ್ಲಿ ಅಂದಿದ್ದಳು.

ಅಮ್ಮನಿಗೆ ದೇವರು ದಾರಿ ತೋರಿಸಿದನೆಂದು ಈಗಲೂ ನಾನು ಹೇಳಲಾರೆ. ಅದು ಬರೀ ತಾಯಿಯ ವಿವೇಕವೂ ಇರಬಹುದು. ಆದರೆ ಅಕ್ಕನಿಗೆ ಎರಡು ಕಡೆಯಿಂದ ಬಂದ ಮಾತುಗಳಲ್ಲಿ ಅಮ್ಮನದು ಬಾಗಿಲು ತೆರೆಯಿತು, ಅಂಜನದವರದು ಅವಳನ್ನು ಕಟಕಟೆಗೆ ಕಟ್ಟಿಹಾಕಿತು. ಅಮ್ಮ ತೀರಿಹೋದಳು. ಎಷ್ಟೋ ಕಾಲದ ಮೇಲೆ ಅದೇ ಖೋಲಿಯಲ್ಲಿ ಅಕ್ಕನೂ ಹೋದಳು. ಭಾವ ಬರಲೇ ಇಲ್ಲ.

ಅಕ್ಕ ಹೋದ ಮೇಲೆ ಊರಿಗೆ ಹೋಗಿ, ಅಮ್ಮನ ಗೆಳತಿಯಾಗಿದ್ದ ಮಿಷನ್ ಆಸ್ಪತ್ರೆಯ ಹಳೆಯ ನರ್ಸನ್ನು ಕಂಡೆ. ಅವರು ಯಾರ ನೆರವೂ ಇಲ್ಲದೆ ಮಾಡಿಸಿದ ಮೊದಲ ಹೆರಿಗೆಯಲ್ಲಿ ಹುಟ್ಟಿದವನು ನಾನು. ನನಗೆ ಯಾವ ಉತ್ತರ ಬೇಕೆಂದು ತೋರಿಸಿಕೊಳ್ಳದೆ, ಬೇರೆ ಬೇರೆ ರೀತಿಯಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ ಅವರು ಹೇಳಿದ್ದು ಅಮ್ಮ ಹೇಳಿದ್ದನ್ನೇ: ನಾನು ತಲೆ ಮುಂದಾಗಿಯೇ ಹುಟ್ಟಿದವನು.