ಹೆಜ್ಜೆ ಸಪ್ಪಳ ಕೇಳದ ಶುಕ್ರವಾರಗಳು

ನನ್ನ ತಂಗಿ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸು. ನಾನಿರುವುದು ಅಬ್ಬಾಸಿಯಾದಲ್ಲಿ, ಒಬ್ಬಳೇ. ಅವಳ ಶಿಫ್ಟಿಗೂ ನನ್ನ ಆಫೀಸಿಗೂ ಹೊಂದಿಕೆಯಾಗದೆ ಕುವೈತಿನಲ್ಲೇ ಇದ್ದರೂ ಭೇಟಿ ಅಪರೂಪ. ಅದಕ್ಕೇ ಇಲ್ಲಿ ವಾರದ ರಜೆಯಾದ ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರಿನಲ್ಲಿ ಒಂದು ಆನ್‌ಲೈನ್ ಆಟಕ್ಕೆ ಕೂರುತ್ತಿದ್ದೆವು. ಕೋಟೆ ಕಾಯುವ ಆಟ. ಕಳ್ಳರು ಕತ್ತಲಲ್ಲಿ ಬರುತ್ತಾರೆ; ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಸಿಗುತ್ತಾರೆ. ಸಪ್ಪಳ ಕೇಳಿ ಹೇಳುವುದು ನಾನು, ಬಾಣ ಬಿಡುವುದು ಅವಳು.

"ಅಕ್ಕಾ, ನೀನಿದ್ರೆ ನನಗೆ ಹೆದರಿಕೆಯೇ ಇಲ್ಲ," ಎನ್ನುತ್ತಿದ್ದಳು. ಅದನ್ನು ಕೇಳಲೆಂದೇ ನಾನು ಆಡುತ್ತಿದ್ದೆನೇನೋ.

ಒಂದು ಶುಕ್ರವಾರ ಸಪ್ಪಳವೇ ಬರಲಿಲ್ಲ. ಸಂಗೀತ ಕೇಳುತ್ತಿತ್ತು, ತಂಗಿಯ ಮಾತೂ ಕೇಳುತ್ತಿತ್ತು. ಹೆಜ್ಜೆ, ಬಾಗಿಲಿನ ಕಿರ್ ಶಬ್ದ, ಬಾಣ ಹಾರಿದ್ದು ಮಾತ್ರ ಒಂದೂ ಇಲ್ಲ. ಸೋತೆವು. ಆಟದ ವಾಲ್ಯೂಮ್ ಪೂರ್ತಿ ಏರಿಸಿದೆ, ಹೆಡ್‌ಫೋನ್ ಬದಲಿಸಿದೆ, ಆಟವನ್ನೇ ತೆಗೆದುಹಾಕಿ ಹೊಸದಾಗಿ ಇಳಿಸಿಕೊಂಡೆ. ಏನೂ ಪ್ರಯೋಜನವಾಗಲಿಲ್ಲ.

ಮುಂದಿನ ವಾರ ನೋಡಿದರೆ ಆಟದಲ್ಲಿ ತಂಗಿಯ ಪಕ್ಕ ಇನ್ನೊಬ್ಬಳು ನಿಂತಿದ್ದಳು. ಅವಳ ವಾರ್ಡಿನಲ್ಲೇ ಕೆಲಸ ಮಾಡುವ, ಅವಳ ರೂಮಿನಲ್ಲೇ ಇರುವ ಕೊಂಕಣಿ ಹುಡುಗಿ.

"ನಿನಗೆ ಕೇಳುದಿಲ್ವಲ್ಲ, ಅದಕ್ಕೆ ಇವಳನ್ನು ಕರೆದೆ. ನೀನು ಗೇಟ್ ನೋಡ್ಕೋ ಸಾಕು," ಎಂದಳು ತಂಗಿ.

ಗೇಟಿನಲ್ಲಿ ನಿಂತೆ. ಕೋಟೆಯ ಮೇಲೆ ಅವರಿಬ್ಬರೂ ವಾರ್ಡಿನ ಯಾವುದೋ ಸಂಗತಿ ಹೇಳಿಕೊಂಡು ನಗುತ್ತಿದ್ದರು. ಇವಳು ದಿನವೂ ನನ್ನ ತಂಗಿಯ ಜೊತೆ ಉಣ್ಣುತ್ತಾಳೆ, ಒಂದೇ ಬಸ್ಸಿನಲ್ಲಿ ಡ್ಯೂಟಿಗೆ ಹೋಗುತ್ತಾಳೆ. ನನ್ನ ಪಾಲಿನ ಇಷ್ಟು ಹೊತ್ತೂ ಇವಳಿಗೇ ಬೇಕಾಯಿತೇ? ಹೊಟ್ಟೆ ಉರಿಯಿತು.

"ಅಕ್ಕಾ, ನಿಮ್ಮ ಕಂಪ್ಯೂಟರ್ ನಾನೊಮ್ಮೆ ನೋಡ್ಲಾ?" ಎಂದಳು ಆ ಹುಡುಗಿ. 'ಅಕ್ಕಾ' ಎಂದದ್ದಕ್ಕೆ ಇನ್ನಷ್ಟು ಉರಿಯಿತು.

"ಬೇಡ, ನಾನೇ ಸರಿ ಮಾಡ್ತೇನೆ."

ವಾರವಿಡೀ ಆಫೀಸಿನಿಂದ ಬಂದು ಅದರ ಮುಂದೆಯೇ ಕೂತೆ. ವಿಡಿಯೋಗಳಲ್ಲಿ ಹೇಳಿದ್ದನ್ನೆಲ್ಲ ಮಾಡಿ ಸೋತೆ. ಕೊನೆಗೆ ತಂಗಿಯೇ ಫೋನ್ ಮಾಡಿ, "ಹಠ ಮಾಡ್ಬೇಡ, ಈ ಸಲ ನಾವಿಬ್ರೂ ಅಲ್ಲಿಗೇ ಬರ್ತೇವೆ," ಎಂದಳು.

ಇಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪ್ ಹೊತ್ತುಕೊಂಡೇ ಊಟಕ್ಕೆ ಬಂದರು. ಮೀನಿನ ತಲೆಯ ತುಂಡು ತಂಗಿಗೆ ಇಷ್ಟವೆಂದು ಅವಳ ತಟ್ಟೆಗೆ ಹಾಕಿದರೆ, "ಇದು ಇವಳಿಗೂ ಇಷ್ಟ," ಎನ್ನುತ್ತ ಗೆಳತಿಯ ತಟ್ಟೆಗೆ ದಾಟಿಸಿದಳು.

ಊಟವಾದ ಮೇಲೆ ಆ ಹುಡುಗಿ ನನ್ನ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ ತೆರೆದಳು.

"ನೋಡಿ ಅಕ್ಕಾ, ನಿಮ್ಮ ರೂಮಿನ ಸುತ್ತಲೂ ಸ್ಪೀಕರ್ ಉಂಟು ಅಂತ ಇದು ತಿಳ್ಕೊಂಡಿದೆ. ಹೆಜ್ಜೆ ಶಬ್ದ ಎಲ್ಲ ಆ ಇಲ್ಲದ ಸ್ಪೀಕರಿಗೆ ಹೋಗ್ತಾ ಉಂಟು. ನನ್ನದಕ್ಕೂ ಹೀಗೇ ಆಗಿತ್ತು."

ಸರೌಂಡ್ ಎಂದಿದ್ದುದನ್ನು ಸ್ಟೀರಿಯೋ ಮಾಡಿದಳು. ಹೆಡ್‌ಫೋನ್ ಹಾಕಿಕೊಂಡು ಆಟ ತೆರೆದೆ. ಪಂಜು ಚಟಪಟ ಉರಿಯುವುದು, ಜಲ್ಲಿಕಲ್ಲಿನ ಮೇಲೆ ಯಾರೋ ನಡೆಯುವುದು, ಎಲ್ಲ ಕೇಳಿತು.

"ಬಂತಾ?"

"ಬಂತು," ಎಂದೆ. ಥ್ಯಾಂಕ್ಸ್ ಹೇಳದೆಯೇ ನನ್ನ ಕುರ್ಚಿಗೆ ವಾಪಸ್ ಕೂತೆ.

ಮೂವರೂ ಆಡತೊಡಗಿದೆವು. ಸ್ವಲ್ಪ ಹೊತ್ತಿಗೆ ಆ ಹುಡುಗಿ ನಿಂತಿದ್ದ ಕಡೆ ಮರದ ಮೆಟ್ಟಿಲು ಲಟಲಟ ಎಂದಿತು. "ಹಿಂದೆ ಮಾರಾಯ್ತಿ, ನಿನ್ನ ಹಿಂದೆ!" ಎಂದು ಕಿರುಚಿದೆ. ಅವಳು ತಿರುಗಿ ಬಚಾವಾದಳು. ಅದೇ ಗಳಿಗೆಯಲ್ಲಿ ಇನ್ನೊಂದು ಕಡೆಯಿಂದ ನುಗ್ಗಿದ ಕಳ್ಳ ತಂಗಿಯನ್ನು ಕೆಡವಿದ.

ತಂಗಿ ಹೆಡ್‌ಫೋನ್ ತೆಗೆದಳು. "ಅವಳಿಗೆ ಹೇಳಿದಿ. ನನಗೆ ಹೇಳ್ಲಿಲ್ಲ."

"ಗಡಿಬಿಡಿಯಲ್ಲಿ ಗೊತ್ತಾಗ್ಲಿಲ್ಲ ಮಾರಾಯ್ತಿ."

"ನೀನು ಅಕ್ಕ ಯಾರಿಗೆ, ನನಗಾ ಅವಳಿಗಾ?"

ಚಿಕ್ಕಂದಿನ ಹಾಗೆಯೇ ಮುಖ ಊದಿಸಿಕೊಂಡಿದ್ದಳು. ಆ ಹುಡುಗಿ ನಮ್ಮಿಬ್ಬರನ್ನೂ ನೋಡಿ, "ನಾನು ಚಾ ಮಾಡ್ತೇನೆ," ಎಂದು ಅಡುಗೆಮನೆಗೆ ಹೋದಳು. ನಾನು ಸಮಾಧಾನ ಮಾಡುವವಳಂತೆ ತಂಗಿಯ ಬೆನ್ನು ತಟ್ಟುತ್ತಿದ್ದೆ. ಒಳಗೆ ಎಷ್ಟು ಖುಷಿಯಾಗಿತ್ತೆಂದರೆ ನಗು ಕಾಣದಂತೆ ಮುಖ ತಿರುಗಿಸಬೇಕಾಯಿತು.

ತಂಗಿ ಲ್ಯಾಪ್‌ಟಾಪ್ ಎತ್ತಿಕೊಂಡು ನನಗೆ ಒತ್ತಿಯೇ ಕೂತಳು. ಚಾ ಆಗುವವರೆಗೆ ನಾವಿಬ್ಬರೇ ಆಡಿದೆವು.