ಬಾಳವ್ವನ ನಡಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಬೆಲ್ಲದ ಬಾಗೇವಾಡಿಯ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅವ್ವ ನೆಲ ಮುಟ್ಟುತ್ತಿದ್ದಳು, ಬೆಕ್ಕು ಅಡ್ಡ ಹೋದರೆ ಕೂತು ನೀರು ಕುಡಿದು ಆಮೇಲೆ ಹೊರಡುತ್ತಿದ್ದಳು. ಬೆಕ್ಕಿಗೂ ಏನೋ ಕೆಲಸವಿರುತ್ತದೆ ಬಿಡವ್ವಾ ಎಂದು ನಾನು ನಗುತ್ತಿದ್ದೆ. ಫಿಜಿಯೋಥೆರಪಿ ಓದಿದ ಮೇಲಂತೂ ನನ್ನ ನಂಬಿಕೆ ಮೊಣಕಾಲಿನಿಂದ ಮೇಲಕ್ಕೆ ಹೋಗಲೇ ಇಲ್ಲ. ಬಾಯಿ ಸುಳ್ಳು ಹೇಳೀತು, ಕಾಲು ಹೇಳುವುದಿಲ್ಲ, ಒಬ್ಬರ ನಡಿಗೆ ನೋಡಿದರೆ ಅವರ ಅರ್ಧ ಜಾತಕ ಗೊತ್ತಾಗುತ್ತದೆ ಎನ್ನುವುದು ನನ್ನ ಜಂಬ. ಆ ಜಂಬಕ್ಕೆ ಪೆಟ್ಟು ಬಿದ್ದ ಒಂದು ಮಧ್ಯಾಹ್ನದ ಅನುಭವ ಇದು. ರಾತ್ರಿಯಲ್ಲ, ಹಾಡಹಗಲು. ರಾತ್ರಿಯಾಗಿದ್ದರೆ ಕಣ್ಣಿನ ಮೇಲೆ ತಪ್ಪು ಹೊರಿಸಿ ಆರಾಮವಾಗಿ ಇದ್ದುಬಿಡುತ್ತಿದ್ದೆ.

ಆಗ ನಾನು ಗೋಕಾಕದ ಒಂದು ಆಸ್ಪತ್ರೆಯಲ್ಲಿದ್ದೆ. ಆ ವರ್ಷದ ಮಳೆಗಾಲದಲ್ಲಿ ವೈರಲ್ ಜ್ವರ ಊರೂರು ಹೊಕ್ಕಿತ್ತು. ಹುಕ್ಕೇರಿ, ಮೂಡಲಗಿ ಕಡೆಯಿಂದಲೂ ಜನ ಬರುತ್ತಿದ್ದರು. ಕೆಲವರಿಗೆ ಜ್ವರ ಎದೆಗಿಳಿದು ಆಕ್ಸಿಜನ್ ಹಚ್ಚಬೇಕಾಗುತ್ತಿತ್ತು. ಒಬ್ಬರು ಮಂಚ ಬಿಡುವುದನ್ನೇ ಇನ್ನೊಬ್ಬರು ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಜ್ವರ ಇಳಿಯಿತು, ರಿಪೋರ್ಟ್ ಚೆನ್ನಾಗಿದೆ, ನಡೆಯಿರಿ ಮನೆಗೆ ಎನ್ನುವುದು ಸುಲಭ. ನಮ್ಮ ಡಾಕ್ಟರ್ ಮೇಡಂ ಹಾಗೆ ಮಾಡುವವರಲ್ಲ. ಅವರು ಮೂಡಲಗಿಯ ಒಕ್ಕಲುತನದ ಮನೆಯ ಮಗಳು. ಮಲಗಿದವರ ರಿಪೋರ್ಟ್ ಮಲಗಿರುವವರೆಗೆ ಮಾತ್ರ ಖರೆ ಎನ್ನುತ್ತಿದ್ದರು. ಮನೆಗೆ ಹೋದ ಮೇಲೆ ನೆಲದ ಮೇಲೆ ಕೂತು ಉಣ್ಣಬೇಕು, ಎದ್ದು ಬಚ್ಚಲಿಗೆ ಹೋಗಬೇಕು, ಹೊಸ್ತಿಲು ದಾಟಬೇಕು. ಅದು ಆಗುತ್ತದೆಯೋ ಇಲ್ಲವೋ ನೋಡದೆ ಯಾರನ್ನೂ ಕಳಿಸುವಂತಿರಲಿಲ್ಲ. ನೋಡುವ ಕೆಲಸ ನನ್ನದು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನೆಲದಿಂದ ಎಬ್ಬಿಸಿ, ವಾರ್ಡಿನ ಬಾಗಿಲು ದಾಟಿಸಿ, ಪಡಸಾಲೆಯ ತುದಿಯವರೆಗೆ ನಡೆಸಿ ತರುತ್ತಿದ್ದೆ. ಏದುಸಿರಿಲ್ಲದೆ ತಿರುಗಿ ಬಂದವರು ಮನೆಗೆ, ಜೋಲಿ ಹೊಡೆದವರು ಇನ್ನಷ್ಟು ವ್ಯಾಯಾಮಕ್ಕೆ. ಜನ ನನಗೆ ‘ನಡಸೋ ಡಾಕ್ಟರ್’ ಎಂದು ಹೆಸರಿಟ್ಟಿದ್ದರು.

ಆಸ್ಪತ್ರೆಯ ಬಾಗಿಲುಗಳಿಗೆ ಹೊಸ್ತಿಲು ಇರುವುದಿಲ್ಲ, ತಳ್ಳುಗಾಡಿ ಹೋಗಬೇಕಲ್ಲ. ಹಾಗಾಗಿ ಮೇಡಂ ಬಡಿಗನಿಗೆ ಹೇಳಿ ಗೇಣೆತ್ತರದ ಒಂದು ಹಲಗೆ ಮಾಡಿಸಿದ್ದರು. ನಡೆಸುವ ಹೊತ್ತಿಗೆ ಅದನ್ನು ಬಾಗಿಲಿಗೆ ಅಡ್ಡ ಇಟ್ಟು ದಾಟಿಸುವುದು. ನಾನು ಅದನ್ನು ಹಲಗೆ ಅಂದುಕೊಂಡಿದ್ದೆ, ವಾರ್ಡಿನ ಹೆಂಗಸರು ಹಾಗೆ ಅಂದುಕೊಳ್ಳಲಿಲ್ಲ. ಅಪ್ಪಿತಪ್ಪಿಯೂ ಅದನ್ನು ತುಳಿಯದೆ, ಬಗ್ಗಿ ಮುಟ್ಟಿ, ಕಣ್ಣಿಗೊತ್ತಿಕೊಂಡು ದಾಟುತ್ತಿದ್ದರು. ಜ್ವರದಿಂದ ಎದ್ದವರು ಹೀಗೆ ಬಗ್ಗಿದರೆ ತಲೆ ತಿರುಗೀತು ಎಂದು ನಾನು ಗದರಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಶುಕ್ರವಾರ ಬಂದು ನೋಡಿದರೆ ಹಲಗೆಗೆ ಅರಿಷಿಣ ಕುಂಕುಮ! ಯಾರು ಹಚ್ಚಿದ್ದು ಎಂದು ಕೇಳಿದರೆ ಇಡೀ ವಾರ್ಡು ಛಾವಣಿ ನೋಡಿತು. ಮೇಡಂ ಮಾತ್ರ ನಕ್ಕರು. ಬಗ್ಗಿ ಎದ್ದು ತಲೆ ತಿರುಗದೆ ದಾಟಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು, ಅದನ್ನೂ ಸೇರಿಸಿಕೊಳ್ಳಿ ಎಂದರು. ಪುಸ್ತಕದಲ್ಲಿ ಇಲ್ಲದ್ದನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಡಾಕ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಾಳವ್ವ ಬಂದದ್ದು ಆ ದಿನಗಳಲ್ಲೇ. ತುಕ್ಕಾನಟ್ಟಿ ಕಡೆ ಹಳ್ಳದ ಬದಿಯ ತೋಟದ ಮನೆ ಅವರದು. ಮಗ ಲಗಮಣ್ಣ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದ. ಆಕೆಗೆ ಎಚ್ಚರವಿತ್ತೇ ಹೊರತು ಮಾತಾಡುವಷ್ಟು ಉಸಿರಿರಲಿಲ್ಲ. ವಾರ ಕಳೆಯುವ ಹೊತ್ತಿಗೆ ಅದೇ ಬಾಳವ್ವ ಮಂಚದ ಮೇಲೆ ಕೂತು ವಾರ್ಡಿಗೆಲ್ಲ ಬುದ್ಧಿ ಹೇಳುತ್ತಿದ್ದಳು. ಕಾಲು ಎತ್ತುವ ವ್ಯಾಯಾಮ ಹೇಳಿಕೊಟ್ಟರೆ, ಇಷ್ಟಕ್ಕ ನಿನಗ ಪಗಾರ ಕೊಡ್ತಾರೇನೋ ಎಂದು ಕೇಳಿ, ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡುತ್ತಿದ್ದಳು. ದಮ್ಮು ಹತ್ತಿದಾಗ ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಆಮೇಲೆ ಮತ್ತೆ ಶುರು. ಈ ಕೆಲಸದಲ್ಲಿ ಗಟ್ಟಿ ಜನರನ್ನು ಬಹಳ ನೋಡಿದ್ದೇನೆ, ಬಾಳವ್ವನಷ್ಟು ಗಟ್ಟಿ ಜೀವ ನೋಡಿಲ್ಲ.

ಆಕೆಯನ್ನು ಮನೆಗೆ ಕಳಿಸಬೇಕಾದ ದಿನ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಲಗಮಣ್ಣ ಗಾಡಿ ತಂದು ನಿಲ್ಲಿಸಿದ್ದ. ಹೆಂಡತಿ ಮನೆಯ ಹಿಂದಿನ ಕೋಣೆ ಸಾರಿಸಿ ಅವ್ವನಿಗೆ ಹಾಸಿಗೆ ಹಾಸಿಟ್ಟಿದ್ದಾಳೆ ಎಂದು ಖುಷಿಯಿಂದ ಹೇಳಿದ. ಬಾಳವ್ವನ ಮಂಚಕ್ಕೆ ಬರುವವರು ಆಗಲೇ ಹೊರಗೆ ಕೂತಿದ್ದರು. ನನ್ನ ಪರೀಕ್ಷೆಯೊಂದೇ ಬಾಕಿ, ಅದೂ ನೆಪಕ್ಕೆ ಅಂದುಕೊಂಡಿದ್ದೆ.

ಬಾಳವ್ವ ಕೈಯೂರದೆ ನೆಲದಿಂದ ಎದ್ದಳು. ಬಾಗಿಲವರೆಗೆ ನೆಟ್ಟಗೆ ನಡೆದಳು. ಬಗ್ಗಿ ಹಲಗೆ ಮುಟ್ಟಿ, ಕಣ್ಣಿಗೊತ್ತಿಕೊಂಡು, ಬಲಗಾಲು ಎತ್ತಿ ಆಚೆ ಇಟ್ಟಳು. ಎರಡೂ ಕಾಲು ಆಚೆ ಹೋದ ಮೇಲೆ ಸ್ವಲ್ಪ ನಿಂತು, ಎಡಗೈಯಿಂದ ಸೀರೆಯ ನಿರಿಗೆ ಎತ್ತಿ ಹಿಡಿದಳು. ಆಕೆಯ ಮೊಣಕಾಲ ಕೆಳಗೆ ಹಳೆಯ ಕುಡುಗೋಲಿನ ಗಾಯದ ಗುರುತೊಂದಿತ್ತು. ಸೀರೆಯನ್ನು ಸರಿಯಾಗಿ ಆ ಗುರುತಿನ ಮೇಲಕ್ಕೆ ಎತ್ತಿದಳು. ಆಮೇಲೆ ಪಾದವನ್ನು ನೆಲದಿಂದ ಎತ್ತದೆ ಸರಿಸುತ್ತ, ಬೆರಳುಗಳಿಂದ ಮುಂದಿನ ನೆಲ ತಡವುತ್ತ, ಒಂದು ಮಗ್ಗುಲಿಗೆ ವಾಲಿಕೊಂಡು ನಡೆಯತೊಡಗಿದಳು. ಅದು ಒಣ ಪಡಸಾಲೆ, ಅಡ್ಡಿ ಎನ್ನುವುದು ಏನೂ ಇರಲಿಲ್ಲ. ನಾನು ಹಿಂದಕ್ಕೆ ಕರೆದೆ. ಹಲಗೆಯ ಈಚೆ ಬಂದೊಡನೆ ಸೀರೆ ಬಿಟ್ಟು ಮೊದಲಿನಂತೆ ನೆಟ್ಟಗೆ ನಡೆದಳು. ಆಚೆ ಕಳಿಸಿದೆ, ಮತ್ತೆ ಅದೇ ನಡಿಗೆ.

ವೈರಲ್ ಜ್ವರದ ನಂತರ ಕೆಲವರಿಗೆ ನರ ಸೋತು ಪಾದ ಎತ್ತಲು ಬರುವುದಿಲ್ಲ. ಅದೇ ಇರಬೇಕೆಂದು ಕುರ್ಚಿಯಲ್ಲಿ ಕೂರಿಸಿ ಪಾದದ ಶಕ್ತಿ ನೋಡಿದೆ, ಸ್ಪರ್ಶ ನೋಡಿದೆ, ಕಣ್ಣು ಮುಚ್ಚಿಸಿ ನಿಲ್ಲಿಸಿದೆ. ಎಲ್ಲ ಸರಿಯಾಗಿತ್ತು. ಆಕ್ಸಿಮೀಟರಿನ ಅಂಕಿಯೂ ಅಲುಗಿರಲಿಲ್ಲ. ಕೊನೆಗೆ ಆಕೆಯನ್ನೇ ಕೇಳಿದೆ.

“ಆಯಿ, ಹೊರಗ ಹೋದಾಗ ಯಾಕ ಹಿಂಗ ನಡ್ಯಾಕತ್ತೀರಿ?”

ಆಕೆ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

“ನೀರಾಗ ಮತ್ತ ಹೆಂಗ ನಡೀಬೇಕೋ ಯಪ್ಪಾ?”

ಆ ನಡಿಗೆ ನನಗೆ ಗೊತ್ತಿತ್ತು, ಹೆಸರು ಹೊಳೆದಿರಲಿಲ್ಲ ಅಷ್ಟೇ. ನಾನು ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಹೊಲದಿಂದ ಬರುತ್ತ ತುಂಬಿದ ಹಳ್ಳ ದಾಟುವಾಗ ಅವ್ವ ಹೀಗೆಯೇ ನಡೆಯುತ್ತಿದ್ದಳು. ಸೆಳೆತಕ್ಕೆ ಎದುರಾಗಿ ವಾಲಿಕೊಂಡು, ಕಾಲೆತ್ತದೆ.

ಮೇಡಂ ಬಂದರು. ಜ್ವರದಿಂದ ಆಕೆಗೆ ಏನಾದರೂ ಭ್ರಮೆ ಹಿಡಿದಿದೆಯೇ ಎಂದು ಊರು, ವಾರ, ಮೊಮ್ಮಕ್ಕಳ ಹೆಸರು ಕೇಳಿದರು. ಬಾಳವ್ವ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟು, ನಿಮ್ಮ ಮದುವಿ ಆಗೇತೇನ್ರಿ ಎಂದು ತಾನೂ ಒಂದು ಪ್ರಶ್ನೆ ಕೇಳಿದಳು. ಲಗಮಣ್ಣ ಚಡಪಡಿಸುತ್ತಿದ್ದ. ಹಳ್ಳ ಮನೆಗಿಂತ ಬಹಳ ತಗ್ಗಿನಲ್ಲಿದೆ, ಅಜ್ಜನ ಕಾಲದಿಂದಲೂ ಅದರ ನೀರು ಅಂಗಳ ಕಂಡದ್ದಿಲ್ಲ, ಅವ್ವ ಸುಮ್ಮನೆ ಏನೋ ಅನ್ನುತ್ತಿದ್ದಾಳೆ ಎಂದ. ನಾನು ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪರೀಕ್ಷೆ ಮಾಡಿದ್ದೆಲ್ಲ ಸರಿಯಿದೆ, ಆದರೂ ಈ ನಡಿಗೆ ನೋಡಿದ ಮೇಲೆ ಕಳಿಸಿ ಎನ್ನಲು ಬಾಯಿ ಬರುತ್ತಿಲ್ಲ, ಕಾರಣ ಕೇಳಿದರೆ ನನ್ನ ಹತ್ತಿರ ಇಲ್ಲ.

“ಕಾರಣ ನಾಳೆ ಹುಡುಕೂಣ್ರಿ,” ಅಂದರು ಮೇಡಂ. “ನಡಿಗಿ ಸರಿ ಇಲ್ಲಂದ್ರ ಇವತ್ತ ಕಳಸೂದು ಬ್ಯಾಡ.”

ಅಷ್ಟೇ. ನನ್ನನ್ನು ಗೇಲಿ ಮಾಡಲಿಲ್ಲ, ಇನ್ನೊಮ್ಮೆ ಯೋಚಿಸಿ ಎನ್ನಲಿಲ್ಲ. ಹೊರಗೆ ಕಾಯುತ್ತಿದ್ದವರಿಗೆ ಬೇರೆ ವಾರ್ಡಿನಲ್ಲಿ ಮಂಚ ಹೊಂದಿಸಲು ತಾವೇ ಓಡಾಡಿದರು. ಆ ಹೊತ್ತಿನ ಅವರ ಧೈರ್ಯವನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಸಂಜೆಯಿಂದ ಮೇಲಿನ ಸೀಮೆಯಲ್ಲಿ ಎಂಥ ಮಳೆ ಹೊಡೆಯಿತೋ, ಬೆಳಗಾಗುವುದರೊಳಗೆ ಹಳ್ಳ ದಂಡೆ ಮೀರಿ ಬಾಳವ್ವನ ಮನೆಗೆ ನುಗ್ಗಿತ್ತು. ಸೊಸೆ ಮಕ್ಕಳನ್ನು ಕರೆದುಕೊಂಡು, ಎಮ್ಮೆಯ ಹಗ್ಗ ಬಿಚ್ಚಿ, ಬಾಜೂ ತೋಟದವರ ಎತ್ತರದ ಮನೆ ಸೇರಿದ್ದಳು. ಹಿಂದಿನ ಕೋಣೆಯ ಮಣ್ಣಿನ ಗೋಡೆ ನೆನೆದು ಒಳಕ್ಕೆ ಬಿದ್ದಿತ್ತು, ಅತ್ತೆಗೆಂದು ಹಾಸಿದ್ದ ಹಾಸಿಗೆಯ ಮೇಲೆಯೇ. ಫೋನಿನಲ್ಲಿ ಇದನ್ನು ಕೇಳಿದ ಲಗಮಣ್ಣ ವಾರ್ಡಿನ ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. ನನಗೆ ಸಂಕೋಚವಾಯಿತು, ನಾನು ನೋಡಿದ್ದೆನೇ ಹೊರತು ಮಾಡಿದ್ದೇನೂ ಇರಲಿಲ್ಲ.

ಅಂದು ಮತ್ತೆ ಬಾಳವ್ವನನ್ನು ನಡೆಸಿದೆ. ಬಾಗಿಲಿಗೆ ಹಲಗೆಯನ್ನು ಎರಡೆರಡು ಸಲ ಸರಿಮಾಡಿ ಇಟ್ಟೆ ಎಂದರೆ ನಗಬೇಡಿ. ಆಕೆ ಹಲಗೆ ಮುಟ್ಟಿ ದಾಟಿ, ಸೀರೆಯ ಅಂಚು ನೆಲ ಗುಡಿಸುತ್ತಿದ್ದ ಹಾಗೆಯೇ ಪಡಸಾಲೆಯ ತುದಿಯವರೆಗೆ ಸರಸರ ಹೋಗಿ ಬಂದಳು. ಮಮದಾಪುರದ ಮಗಳ ಮನೆಗೆ ಕಳಿಸಿಕೊಟ್ಟೆವು.

ನೀವು ಹೇಳುವುದು ನನಗೆ ಗೊತ್ತು. ಮಳೆಗಾಲ, ಹಳ್ಳದ ಬದಿಯ ಹೆಂಗಸು, ಮನಸ್ಸಿನಲ್ಲಿ ನೀರಿನ ಅಂಜಿಕೆ ಇದ್ದೀತು. ಇದ್ದೀತು, ಇಲ್ಲವೆನ್ನುವುದಿಲ್ಲ. ಆದರೆ ಅಂಜಿದವರು ಎಲ್ಲ ಕಡೆಯೂ ಅಂಜುತ್ತಾರೆ. ಹಲಗೆಯ ಈಚೆ ನೆಟ್ಟಗೆ ನಡೆದವಳು ಆಚೆ ಮಾತ್ರ ಯಾಕೆ ವಾಲಿದಳು? ಈ ಪ್ರಶ್ನೆಯನ್ನು ನಾನು ನನ್ನ ಕಸುಬಿನ ಎಷ್ಟೋ ಜನರಿಗೆ ಕೇಳಿದ್ದೇನೆ. ಅವರೂ ವಾರ್ಡಿನವರ ಹಾಗೆ ಛಾವಣಿ ನೋಡುತ್ತಾರೆ.

ಮೇಡಂಗೆ ಇನ್ನೊಂದು ರೂಢಿಯಿತ್ತು. ಮನೆಗೆ ಕಳಿಸಿದ ಕೆಲವರನ್ನು ಬಿಡುವಾದಾಗ ಹುಡುಕಿಕೊಂಡು ಹೋಗಿ, ಅಲ್ಲಿ ಹೇಗೆ ನಡೆಯುತ್ತಿದ್ದಾರೆ ನೋಡುವುದು. ಮಳೆಗಾಲ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಬಾಳವ್ವನ ತೋಟಕ್ಕೂ ಹೋದರು. ಆಕೆ ಮಗಳ ಮನೆಯಲ್ಲಿ ಬಹಳ ದಿನ ನಿಲ್ಲಲಿಲ್ಲವಂತೆ. ಹಿಂದಿನ ಗೋಡೆ ಹೊಸದಾಗಿ ಕಟ್ಟುತ್ತಿದ್ದರು. ಬಾಳವ್ವ ಸೀರೆ ಎತ್ತಿ ಕಟ್ಟಿಕೊಂಡು ಅಂಗಳದಲ್ಲಿ ಗೋಡೆಗೆ ಮಣ್ಣು ತುಳಿಯುತ್ತಿದ್ದಳು. ಒಂದು ಮಾತಿಗೂ ಉಸಿರಿಲ್ಲದೆ ಬಂದಿದ್ದ ಹೆಂಗಸು! ಮೇಡಂ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಇಬ್ಬರೂ ತಪ್ಪನ್ನು ಬಿಸಿಲಿನ ಮೇಲೆ ಹಾಕಿದೆವು.

ಆ ಮಧ್ಯಾಹ್ನದ ನೀರಿನ ಮಾತು ತೆಗೆದೆ.

“ಹಂಗ ಅಂದಿದ್ನೇನ ನಾ?” ಎಂದು ಆಕೆ ನನ್ನನ್ನೇ ಕೇಳಿದಳು. “ನನಗೇನೂ ನೆನಪಿಲ್ಲೋ ಯಪ್ಪಾ. ಬರ್ರಿ ಒಳಗ, ಚಾ ಕುಡೀರಿ.”

ಮಣ್ಣಿನಿಂದ ಹೊರಬಂದು, ಬಾಗಿಲ ಪಕ್ಕದ ಗೋಡೆಗೆ ಕೈಯೂರಿ ಕಾಲು ತೊಳೆಯಲು ನಿಂತಳು. ಆ ಗೋಡೆಯ ಮೇಲೆ, ನೀರು ನಿಂತು ಇಳಿದುಹೋದ ರಾಡಿಯ ಗೆರೆ ಇನ್ನೂ ಹಾಗೇ ಇತ್ತು. ಗೆರೆಯ ಪಕ್ಕದಲ್ಲೇ ಆಕೆಯ ಕಾಲು, ಕಾಲಿನ ಮೇಲೆ ಆ ಕುಡುಗೋಲಿನ ಗುರುತು. ಗುರುತಿನ ಎತ್ತರಕ್ಕೇ ಗೆರೆ ಬಂದಿತ್ತು, ಅಥವಾ ನನ್ನ ಕಣ್ಣಿಗೆ ಹಾಗೆ ಕಂಡಿತು. ಅಳತೆಯ ಟೇಪು ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ, ಅಳೆಯುವುದೇ ನನ್ನ ಕಸುಬು. ಕೈ ತಾನಾಗಿ ಜೇಬಿಗೆ ಹೋಯಿತು. ಮೇಡಂ ನೋಡಿದರು.

“ಬ್ಯಾಡ ಬಿಡ್ರಿ,” ಎಂದು ಮೆಲ್ಲಗೆ ಅಂದರು.

ನಾನು ಅಳೆಯಲಿಲ್ಲ. ಅಳೆದಿದ್ದರೆ ಏನು ಗೊತ್ತಾಗುತ್ತಿತ್ತೋ, ಗೊತ್ತಾಗಿ ಏನು ಮಾಡುತ್ತಿದ್ದೆನೋ, ಇವತ್ತಿಗೂ ಹೇಳಲಾರೆ. ಚಪ್ಪಲಿ ಬಿಟ್ಟು ಮೇಡಂ ಮುಂದೆ ಹೋದರು, ಬಗ್ಗಿ ಹೊಸ್ತಿಲು ಮುಟ್ಟಿ ಒಳಗೆ ನಡೆದರು. ಅವರ ಹಿಂದೆ ನಾನೂ ಬಗ್ಗಿ ಮುಟ್ಟಿದೆ. ಬಲಗಾಲನ್ನು ಎತ್ತಿ ಆಚೆ ಇಡುವ ಮುನ್ನ, ಯಾರಿಗೂ ಕಾಣದಂತೆ ಬೆರಳಿನಿಂದ ಒಳಗಿನ ನೆಲ ತಡವಿ ನೋಡಿದೆ. ಒಣಗಿತ್ತು.