ಟರ್ಮಿನಲ್‌ನಲ್ಲಿ ಒಂದು ಚೂರು ಬೆಲ್ಲ

ನನಗೊಂದು ಕೆಟ್ಟ ಚಾಳಿಯಿದೆ. ಸಿಕ್ಕಿದ ಇಂಗ್ಲಿಷ್ ಪದವನ್ನೆಲ್ಲ ಹೊಲದ ಕಳೆಯಂತೆ ಬೇರುಸಮೇತ ಕಿತ್ತು ನೋಡುವುದು. ಬಹುಪಾಲು ಬೇರಿಗೆ ಲ್ಯಾಟಿನ್ ಮಣ್ಣೇ ಮೆತ್ತಿಕೊಂಡಿರುತ್ತದೆ. ಕಿತ್ತು ಸುಮ್ಮನಿದ್ದರೆ ಸರಿ, ಪಕ್ಕದಲ್ಲಿದ್ದವರ ಮೂಗಿಗೂ ಹಿಡಿಯುತ್ತೇನೆ. ಮನೆಯವರು ಇದರಿಂದ ಹೈರಾಣಾಗಿದ್ದಾರೆ.

ಕಳೆದ ಸಲ ಕೈಗೆ ಸಿಕ್ಕಿದವರು ನಂಜಮ್ಮತ್ತೆ, ನಮ್ಮಪ್ಪನ ತಂಗಿ. ಕಾಶಿಗೆಂದು ಇಬ್ಬರೂ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದಿದ್ದೆವು. ಅತ್ತೆಗೆ ವಿಮಾನ ಹೊಸದು, ಜಾಗ ಹಳೆಯದು. ನಿಲ್ದಾಣಕ್ಕೆಂದು ಹೋದ ಅವರ ರಾಗಿ ಹೊಲ ಇದ್ದದ್ದು ಅಲ್ಲೇ. ಟರ್ಮಿನಲ್ ಅಂದರೇನು ಎಂದು ಅವರು ಕೇಳಿದ್ದೇ ತಡ, ನಾನು ಶುರುಹಚ್ಚಿಕೊಂಡೆ. ಲ್ಯಾಟಿನ್ನಿನಲ್ಲಿ ಟರ್ಮಿನಸ್ ಎಂದರೆ ಗಡಿಕಲ್ಲು, ಕೊನೆ. ರೋಮಿನವರಿಗೆ ಆ ಕಲ್ಲೇ ದೇವರು. ಜೇನೆರೆದು, ಕುರಿಮರಿಯ ರಕ್ತ ಚಿಮುಕಿಸಿ ಪೂಜಿಸುತ್ತಿದ್ದರು. ಬೆಟ್ಟದ ಮೇಲೆ ದೊಡ್ಡ ಗುಡಿ ಕಟ್ಟುವಾಗ ಅಲ್ಲಿದ್ದ ಬೇರೆ ದೇವರೆಲ್ಲ ಜಾಗ ಬಿಟ್ಟರಂತೆ, ಈತ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಕಲ್ಲನ್ನು ಒಳಗಿಟ್ಟೇ ಗುಡಿ ಕಟ್ಟಿ, ಅದಕ್ಕೆ ಆಕಾಶ ಕಾಣಲೆಂದು ಚಾವಣಿಯಲ್ಲಿ ಕಿಂಡಿ ಬಿಟ್ಟರು.

ಅತ್ತೆ ಬೆರಗಾಗುತ್ತಾರೆಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು.

"ನಮ್ಮೂರ ಗಡಿಕಲ್ಲೂ ಇಲ್ಲೇ ಐತೆ ಕಣಪ್ಪಾ. ಯಾರೂ ಕೀಳ್ಲಿಲ್ಲ. ಮಣ್ಣು ಮುಚ್ಕೊಂತು, ಅಷ್ಟೆ."

ಊರು ಬಿಡುವಾಗ ಆ ಕಲ್ಲಿಗೆ ಚೂರು ಬೆಲ್ಲ ಇಟ್ಟು ಹೋಗುವುದು ಅವರೂರ ಪದ್ಧತಿ. ಇಡದೆ ಹೋದವರು ತಿರುಗಿ ಬರುವುದಿಲ್ಲವೆಂದು ನಂಬಿಕೆ. ಅತ್ತೆಯ ಗಂಡ ಒಮ್ಮೆ ಬಸ್ಸು ತಪ್ಪುತ್ತದೆಂದು ಇಡದೇ ಓಡಿದ್ದರು, ಮರಳಿದ್ದು ಹೆಣವಾಗಿ. ಬೆಲ್ಲ ಇಡದೆ ತಾನು ವಿಮಾನ ಹತ್ತುವುದಿಲ್ಲವೆಂದು ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು.

ಗಾಜಿನಾಚೆಯ ನಂದಿಬೆಟ್ಟ ನೋಡಿ ಕಲ್ಲಿನ ಜಾಗ ಅಂದಾಜಿಸುತ್ತ, ಬದುವಿನ ಮೇಲೆ ನಡೆಯುವವರಂತೆ ಒಂದರ ಮುಂದೊಂದು ಹೆಜ್ಜೆಯಿಟ್ಟು ಹೊರಟರು. ಗುರುತಿನವರು ಯಾರಾದರೂ ಕಂಡಾರೆಂದು ನಾನು ತಲೆ ತಗ್ಗಿಸಿ, ಪೆಟ್ಟಿಗೆ ಎಳೆಯುತ್ತ ಹಿಂದೆ ನಡೆದೆ. ಒಂದು ಕಡೆ ನಿಂತರು. ಕೂತು, ನೆಲಕ್ಕೆ ಅಂಗೈ ಆನಿಸಿದರು. ಸೆರಗಿನ ಗಂಟಿನಿಂದ ಬೆಲ್ಲ ತೆಗೆದಿಟ್ಟು, "ಹೋಗ್ಬರ್ತೀನಪ್ಪಾ" ಎಂದರು. ನನಗೆ ನಗು ಬಂತು. ನಗುತ್ತಲೇ ತಲೆಯೆತ್ತಿದೆ. ಅಷ್ಟಗಲದ ಚಾವಣಿಯಲ್ಲಿ, ಸರಿಯಾಗಿ ಅವರ ನೆತ್ತಿಯ ಮೇಲೆ, ಒಂದೇ ಒಂದು ಗಾಜಿನ ಕಿಂಡಿಯಿತ್ತು. ಅದರಲ್ಲಿ ಆಕಾಶ ಕಾಣುತ್ತಿತ್ತು.

ಹೆದರಿದೆ ಎಂದೇ ಹೇಳಿಬಿಡುತ್ತೇನೆ. ಬೆಳಕಿಗೆಂದು ಬಿಟ್ಟಿರಬೇಕು, ಅಷ್ಟೆ. ನಾನು ಓದಿದವನು, ಇಷ್ಟೂ ತಿಳಿಯದೆ? ಆದರೂ ಕೈ ತಾನಾಗಿ ಜೇಬು ತಡಕಿತು. ಒಂದು ಪೆಪ್ಪರ್‌ಮಿಂಟು ಸಿಕ್ಕಿತು. ಬೆಲ್ಲದ ಪಕ್ಕ ಇಟ್ಟೆ.

ಟರ್ಮಿನಸ್ ಎಂದರೆ ಕೊನೆ ಎಂದು ಬೇರುಸಮೇತ ಬಲ್ಲವನು ನಾನು. ಆ ನೆಲಕ್ಕೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ನಾನೂ ಅಂದೆ: "ಹೋಗ್ಬರ್ತೀನಪ್ಪಾ."